ಸತ್ಯವೇದದಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂದಾಗ: ಮನೆ ಕೂಟಗಳಿಗೊಂದು ಓದುವ ಕ್ರಮ

ಐಗುಪ್ತದ ಅರಸ ಫರೋಹನಿಗೆ ಒಂದೇ ರಾತ್ರಿ ಎರಡು ಕನಸು ಬಿದ್ದವು. ಮೊದಲನೆಯದರಲ್ಲಿ ಏಳು ಬಡಕಲು ಆಕಳು ಏಳು ಕೊಬ್ಬಿದ ಆಕಳುಗಳನ್ನು ತಿಂದವು. ಎರಡನೆಯದರಲ್ಲಿ ಏಳು ಬತ್ತಿದ ತೆನೆ ಏಳು ತುಂಬಿದ ತೆನೆಗಳನ್ನು ನುಂಗಿದವು. ಅರ್ಥ ಒಂದೇ ಆದಮೇಲೆ ಕನಸು ಎರಡು ಸಲ ಯಾಕೆ ಬೀಳಬೇಕು? ಆದಿಕಾಂಡ 41:32ರಲ್ಲಿ, ಆ ಕನಸುಗಳ ಅರ್ಥ ಬಿಡಿಸಿದ ಯೋಸೇಫನೇ ಇದಕ್ಕೆ ಉತ್ತರ ಕೊಡುತ್ತಾನೆ. ಈ ಕಾರ್ಯ ದೇವರಿಂದ ನಿಶ್ಚಯವಾಗಿದೆ, ಆತನು ಅದನ್ನು ಬೇಗ ನಡೆಸುತ್ತಾನೆ, ಅದಕ್ಕೇ ಎರಡು ಸಲ.

ಹೀಗೆ ಮರಳಿ ಬರುವ ಮಾತಿಗೆ, ಅಂದರೆ ಮರುಮಾತಿಗೆ, ಸತ್ಯವೇದವೇ (ಬೈಬಲ್) ಕಾರಣ ಹೇಳುವ ಜಾಗಗಳು ಇನ್ನೂ ಇವೆ. ಬರೆದದ್ದನ್ನೇ ಬರೆಯಲು ನನಗೆ ಬೇಸರವಿಲ್ಲ, ನಿಮಗೆ ಅದರಿಂದ ಕ್ಷೇಮ ಎಂದು ಪೌಲನು ಫಿಲಿಪ್ಪಿಯವರಿಗೆ 3:1ರಲ್ಲಿ ಹೇಳುತ್ತಾನೆ. ಯೆರೆಮೀಯ 7:4ರಲ್ಲಿ ಜನ ‘ಯೆಹೋವನ ಆಲಯ’ ಎಂದು ಮೂರು ಸಲ ಹೇಳುವುದನ್ನು ಪ್ರವಾದಿ ಮೋಸದ ಮಾತು ಎನ್ನುತ್ತಾನೆ. ಒಂದು ಕಡೆ ನಿಶ್ಚಯ, ಒಂದು ಕಡೆ ಎಚ್ಚರಿಕೆ, ಇನ್ನೊಂದು ಕಡೆ ಸುಳ್ಳು ಭರವಸೆ. ಹೀಗಿರುವಾಗ ‘ಎರಡು ಸಲ ಬಂದರೆ ಒತ್ತು, ಮೂರು ಸಲ ಬಂದರೆ ತ್ರಯೇಕತ್ವ (ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಲ್ಲಿ ಒಬ್ಬನೇ ದೇವರು), ಏಳು ಸಲ ಬಂದರೆ ಪೂರ್ಣತೆ’ ಎಂಬ ಸಿದ್ಧ ಪಟ್ಟಿ ಇಟ್ಟುಕೊಂಡು ಓದಲು ಕೂತರೆ ದಾರಿ ತಪ್ಪುತ್ತದೆ. ಮಾತು ಮರಳಿ ಬಂದಿದೆ ಎಂದರೆ ಅಲ್ಲಿ ನಿಲ್ಲಬೇಕು, ಅಷ್ಟು ಮಾತ್ರ ಖಚಿತ. ನಿಂತ ಮೇಲೆ ಕೇಳಬೇಕಾದದ್ದು: ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು? ಎರಡನೇ ಸಲ ಬಂದಾಗ ಅದರಲ್ಲಿ ಏನು ಬದಲಾಗಿದೆ? ಈ ಕೊನೆಯ ಪ್ರಶ್ನೆಯಲ್ಲೇ ಮುಕ್ಕಾಲು ಪಾಲು ಅರ್ಥ ಸಿಗುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ವಾರದ ಮನೆ ಪ್ರಾರ್ಥನೆ, ಸ್ತ್ರೀಯರ ಕೂಟ, ಯೌವನಸ್ಥರ ಕೂಟ ನಡೆಸುವವರಿಗಾಗಿ ಈ ಕ್ರಮವನ್ನು ಬಿಡಿಸಿ ಬರೆದಿದೆ. ಒಬ್ಬರೇ ಕೂತು ಓದುವವರಿಗೂ ಇದು ಆಗುತ್ತದೆ. ಆದರೆ ಗುಂಪಿನಲ್ಲಿ ಓದಿದರೆ ಹೆಚ್ಚು ಸಿಗುತ್ತದೆ, ಒಬ್ಬರ ಕಣ್ಣು ಬಿಟ್ಟದ್ದನ್ನು ಇನ್ನೊಬ್ಬರ ಕಿವಿ ಹಿಡಿಯುತ್ತದೆ.

ಕೂಡುವ ಮುಂಚೆ

ಒಂದು ಕೂಟಕ್ಕೆ ಒಂದೇ ಅಧ್ಯಾಯ, 20ರಿಂದ 30 ವಚನದೊಳಗೆ. ಅದಕ್ಕಿಂತ ಉದ್ದ ಹಿಡಿದರೆ ಮರುಮಾತು ಕೈಗೆ ಸಿಗುವ ಮುಂಚೆ ಜನ ದಣಿಯುತ್ತಾರೆ. ಆರರಿಂದ ಹತ್ತು ಜನ, ಒಂದು ತಾಸು. ಹಾಡು, ಪ್ರಾರ್ಥನೆಯ ಸಮಯ ಬೇರೆ.

ಸತ್ಯವೇದದ ಕಾಗದ ತೆಳು. ಸ್ಕೆಚ್ ಪೆನ್ನಿನಲ್ಲಿ ಗೀಟು ಹಾಕಿದರೆ ಮಸಿ ಹಿಂಬದಿಗೆ ಇಳಿದು ಆ ಕಡೆಯ ವಚನವೂ ಕೆಡುತ್ತದೆ. ಅಧ್ಯಾಯವನ್ನು ಎ4 ಹಾಳೆಗೆ ದೊಡ್ಡದು ಮಾಡಿಸಿ ಜೆರಾಕ್ಸ್ ತೆಗೆಸಿ, ಬಲಬದಿಯಲ್ಲಿ ಬರೆಯಲು ಅಂಚು ಉಳಿಯುವಂತೆ ನೋಡಿಕೊಳ್ಳಿ. ಬಣ್ಣದ ಪೆನ್ಸಿಲ್ ಮೂರೇ ಸಾಕು. ಅಕ್ಷರಶಃ ಮರಳಿ ಬಂದ ಮಾತಿಗೆ ಕೆಂಪು, ಸ್ವಲ್ಪ ಬದಲಾಗಿ ಬಂದದ್ದಕ್ಕೆ ನೀಲಿ, ಬರಬೇಕಾಗಿತ್ತು ಆದರೆ ಬರಲಿಲ್ಲ ಅನಿಸಿದ ಕಡೆ ಅಂಚಿನಲ್ಲಿ ಹಸಿರು ಚುಕ್ಕೆ. ಬಣ್ಣ ಆರೇಳಾದರೆ ಜನ ಚಿತ್ರ ಬರೆಯುವುದರಲ್ಲೇ ಉಳಿಯುತ್ತಾರೆ.

ಓದು ಬಾರದ ಹಿರಿಯರು ಕೂಟದಲ್ಲಿದ್ದರೆ ಅವರ ಮುಂದೆ ಒಂದು ಹಿಡಿ ಶೇಂಗಾ ಬೀಜ, ಒಂದು ಖಾಲಿ ತಟ್ಟೆ ಇಡಿ. ಗೊತ್ತುಮಾಡಿದ ಮಾತು ಕಿವಿಗೆ ಬಿದ್ದಾಗೆಲ್ಲ ಒಂದು ಬೀಜ ತಟ್ಟೆಗೆ ಹಾಕಲಿ. ಅವರನ್ನು ಸುಮ್ಮನಿರಿಸದೆ ಏನಾದರೂ ಮಾಡಿಸಬೇಕಲ್ಲ ಎಂದು ಹೇಳುತ್ತಿರುವ ಉಪಾಯ ಇದಲ್ಲ. ಈ ಬರಹಗಳು ಬಹುಪಾಲು ಗಟ್ಟಿಯಾಗಿ ಓದಿ ಕೇಳಿಸಲೆಂದೇ ಬಂದವು. ಪ್ರಕಟನೆ 1:3 ಓದುವವನನ್ನೂ ಕೇಳುವವರನ್ನೂ ಒಟ್ಟಿಗೇ ಧನ್ಯರು ಎನ್ನುತ್ತದೆ. ಪುಟದ ಮೇಲೆ ಕಣ್ಣು ಓಡಿಸುವವರು ಮರಳಿ ಬಂದ ಸಾಲನ್ನು ‘ಆಗಲೇ ಓದಿದ್ದೇನೆ’ ಎಂದು ಹಾರುತ್ತಾರೆ. ಕಿವಿಯಲ್ಲೇ ಎಲ್ಲ ಉಳಿಸಿಕೊಂಡು ಬಂದ ಅಜ್ಜಿಯರು ಹಾರುವುದಿಲ್ಲ.

ಹಂತ ಹಂತವಾಗಿ: ಆದಿಕಾಂಡ 39

ಕಲಿಯಲು ಇದಕ್ಕಿಂತ ಒಳ್ಳೆಯ ಅಧ್ಯಾಯ ಸಿಗುವುದು ಕಷ್ಟ. 23 ವಚನ, ಎಲ್ಲರಿಗೂ ಗೊತ್ತಿರುವ ಕಥೆ: ಯೋಸೇಫ, ಅವನ ಯಜಮಾನ ಪೋಟೀಫರ, ಪೋಟೀಫರನ ಹೆಂಡತಿ ಹೊರಿಸಿದ ಸುಳ್ಳು ಆರೋಪ, ಸೆರೆಮನೆ.

ಮೊದಲು ಪೆನ್ಸಿಲ್ ಕೆಳಗಿಟ್ಟು ಎರಡು ಸಲ ಗಟ್ಟಿಯಾಗಿ ಓದಿಸಿ, ಎರಡು ಸಲಕ್ಕೂ ಬೇರೆ ಬೇರೆ ದನಿ ಇರಲಿ. ಎರಡನೇ ಓದು ಮುಗಿದ ಕೂಡಲೇ, ಪುಟ ನೋಡದೆ, ಯಾವ ಮಾತು ಕಿವಿಯಲ್ಲಿ ಉಳಿಯಿತು ಎಂದು ಕೇಳಿ. ಸಾಮಾನ್ಯವಾಗಿ ‘ಯೆಹೋವನು ಯೋಸೇಫನ ಸಂಗಡ ಇದ್ದನು’ ಎಂಬುದು ಮೊದಲು ಬರುತ್ತದೆ. ಮೂರನೇ ಓದು ನಿಧಾನ, ಈಗ ಪೆನ್ಸಿಲ್ ಕೈಗೆ.

ಆಮೇಲೆ ಪಟ್ಟಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಗೀಟು ಹಾಕಿ: ಮಾತು, ವಚನ, ಯಾರು ಯಾರಿಗೆ ಹೇಳಿದ್ದು, ಆಗ ಯೋಸೇಫ ಎಲ್ಲಿದ್ದ. ‘ಸಂಗಡ ಇದ್ದನು’ ಎಂಬುದು 2, 3, 21, 23ನೇ ವಚನಗಳಲ್ಲಿ ಬರುತ್ತದೆ. ನಾಲ್ಕನೇ ಅಂಕಣ ತುಂಬಿದಾಗ ಅಧ್ಯಾಯದ ಕಟ್ಟು ತಾನಾಗಿ ಎದ್ದು ಕಾಣುತ್ತದೆ. ಮೊದಲ ಎರಡು ಯಜಮಾನನ ಮನೆಯಲ್ಲಿ, ಕೊನೆಯ ಎರಡು ಸೆರೆಮನೆಯಲ್ಲಿ. ಯೋಸೇಫನ ಸ್ಥಿತಿ ಕೆಳಕ್ಕೆ ಇಳಿದಿದೆ, ಅವನ ಕುರಿತು ಹೇಳಿದ ಮಾತು ಇಳಿದಿಲ್ಲ. ಯಾರೂ ವಿವರಿಸದಿದ್ದರೂ ಕೂಟದವರು ಇದನ್ನು ತಾವೇ ಕಂಡುಕೊಳ್ಳುತ್ತಾರೆ. ಮುಂದಾಳು ಆತುರಪಟ್ಟು ಬಾಯಿ ಹಾಕದಿರುವುದು ಒಳ್ಳೆಯದು.

ಮೂರನೆಯದು, ಇಲ್ಲದ್ದನ್ನು ಗುರುತು ಹಾಕುವುದು. ಇದನ್ನೇ ಹೆಚ್ಚು ಜನ ಬಿಡುತ್ತಾರೆ. 2ರಿಂದ 5ರವರೆಗೆ ‘ಯೆಹೋವ’ ಎಂಬ ಹೆಸರು ಸಾಲುಸಾಲಾಗಿ ಬರುತ್ತದೆ. 6ರಿಂದ 20ರವರೆಗೆ ಒಮ್ಮೆಯೂ ಬರುವುದಿಲ್ಲ; 9ನೇ ವಚನದಲ್ಲಿ ಯೋಸೇಫ ತನ್ನ ಬಾಯಿಂದ ‘ದೇವರಿಗೆ ವಿರುದ್ಧವಾಗಿ’ ಎಂದು ಹೇಳುವುದಷ್ಟೇ. 21ರಲ್ಲಿ ಸೆರೆಮನೆಯ ಬಾಗಿಲು ಹಾಕಿದ ಮೇಲೆ ಆ ಹೆಸರು ಮರಳಿ ಬರುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ಕಥೆ ಹೇಳುವವನು ಆ ಹೆಸರನ್ನು ಎತ್ತದೆ, ಬೀಗ ಬಿದ್ದ ಜಾಗದಲ್ಲಿ ಎತ್ತಿದ್ದಾನೆ. ಅಲ್ಲಿ ಹಸಿರು ಚುಕ್ಕೆ ಇಡಿ.

ನಾಲ್ಕನೆಯದು, ಬದಲಾವಣೆ. ಆ ಹೆಂಗಸಿನ ಮಾತನ್ನು ಮೂರು ಸಲ ಹೋಲಿಸಿ ನೋಡಬೇಕು. 12 ಮತ್ತು 13ನೇ ವಚನಗಳಲ್ಲಿ, ನಡೆದದ್ದನ್ನು ನಡೆದ ಹಾಗೆ ಹೇಳುವಾಗ, ಯೋಸೇಫನ ಬಟ್ಟೆ ಉಳಿದದ್ದು ಆಕೆಯ ಕೈಯಲ್ಲಿ. 15ರಲ್ಲಿ ಆಕೆ ಆಳುಗಳಿಗೆ ಹೇಳುವಾಗ, 18ರಲ್ಲಿ ಗಂಡನಿಗೆ ಹೇಳುವಾಗ, ಅದು ಆಕೆಯ ಬಳಿಯಲ್ಲಿ ಬಿಟ್ಟುಹೋದ ಬಟ್ಟೆಯಾಗಿದೆ. ಕೈಯಲ್ಲಿ ಇತ್ತೆಂದರೆ ಹಿಡಿದೆಳೆದವರು ಯಾರು ಎಂಬ ಪ್ರಶ್ನೆ ಬರುತ್ತದೆ, ಬಳಿಯಲ್ಲಿ ಬಿಟ್ಟನೆಂದರೆ ಬರುವುದಿಲ್ಲ. ಒಂದು ಮಾತು ಜಾರಿದ್ದರಲ್ಲಿ ಸುಳ್ಳು ಹೇಗೆ ಕಟ್ಟಿಕೊಂಡಿತು ಎಂಬುದು ಕಾಣುತ್ತದೆ. ಆಳುಗಳ ಮುಂದೆ ‘ನಮ್ಮನ್ನು ಅವಮಾನಪಡಿಸಲು ಒಬ್ಬ ಇಬ್ರಿಯನನ್ನು ತಂದಿದ್ದಾನೆ’ ಎಂದು ಅವರನ್ನೂ ತನ್ನ ಪಕ್ಷಕ್ಕೆ ಸೇರಿಸಿಕೊಳ್ಳುವವಳು, ಗಂಡನ ಮುಂದೆ ‘ನೀನು ತಂದ ಆ ಇಬ್ರಿಯ ದಾಸ’ ಎಂದು ತಪ್ಪಿನ ಪಾಲನ್ನು ಅವನ ತಲೆಗೂ ಕಟ್ಟುತ್ತಾಳೆ. ನೀಲಿ ಪೆನ್ಸಿಲ್ ಇರುವುದು ಇಂಥ ಕಡೆಗಾಗಿಯೇ.

ಕೊನೆಗೆ ಪ್ರತಿಯೊಬ್ಬರೂ ಒಂದೇ ವಾಕ್ಯ ಬರೆಯಲಿ: ‘ಈ ಅಧ್ಯಾಯದಲ್ಲಿ … ಎಂಬ ಮಾತು … ಸಲ ಬಂದಿದೆ, ಮೊದಲು … ಇದ್ದದ್ದು ಕೊನೆಗೆ … ಆಗಿದೆ.’ ಖಾಲಿ ಬಿಟ್ಟ ಜಾಗ ತುಂಬಲು ಆಗದಿದ್ದರೆ ಇನ್ನೊಮ್ಮೆ ಓದಬೇಕು. ಜೀವನಕ್ಕೆ ಅನ್ವಯಿಸುವ ಮಾತು ಈ ವಾಕ್ಯ ಬರೆದ ಮೇಲೆಯೇ. ಮುಂಚೆ ಬಂದರೆ ನಮಗೆ ಮೊದಲೇ ಗೊತ್ತಿದ್ದ ಬುದ್ಧಿವಾದವನ್ನು ಯೋಸೇಫನ ಬಾಯಲ್ಲಿ ಹೇಳಿಸಿದಂತಾಗುತ್ತದೆ.

ಜೋಡಿ ಮಾತು, ಜೋಡಿ ಹೆಸರು

ಪಕ್ಕಪಕ್ಕದಲ್ಲೇ ಎರಡು ಸಲ ಬರುವ ಮಾತಿಗೆ ಕನ್ನಡದವರು ಹೊಸಬರಲ್ಲ. ಸಾಲುಸಾಲು, ಮನೆಮನೆ, ದಿನದಿನ ಎಂದು ದಿನಾ ಆಡುತ್ತೇವೆ, ಅಲ್ಲಿ ‘ಒಂದೊಂದೂ’ ಎಂಬ ಅರ್ಥ. ಇಬ್ರಿಯ (ಹೀಬ್ರೂ) ಭಾಷೆಯಲ್ಲೂ ಸುವಾರ್ತೆಯ ಗ್ರೀಕಿನಲ್ಲೂ ಇದೇ ರೂಢಿ ಇದೆ. ನೋಹನ ನಾವೆಗೆ ಪ್ರಾಣಿಗಳು ಎರಡೆರಡಾಗಿ ಬಂದದ್ದು (ಆದಿಕಾಂಡ 7:9), ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ್ದು (ಮಾರ್ಕ 6:7), ಜನ ಹುಲ್ಲಿನ ಮೇಲೆ ಪಂಕ್ತಿಪಂಕ್ತಿಯಾಗಿ ಕೂತದ್ದು (ಮಾರ್ಕ 6:39, 40) ಈ ಬಗೆಯವು. ಇಲ್ಲಿ ಗೂಢಾರ್ಥ ಹುಡುಕಬೇಕಿಲ್ಲ.

ಒತ್ತಿ ಹೇಳುವ ಜೋಡಿ ಬೇರೆ. ‘ನಿಜನಿಜವಾಗಿ ಹೇಳುತ್ತೇನೆ’ ಎಂದು ಯೇಸು ಹೇಳುವುದು ಯೋಹಾನನ ಸುವಾರ್ತೆಯಲ್ಲಿ ಮಾತ್ರ, ಒಟ್ಟು 25 ಸಲ. ಮೂಲದಲ್ಲಿ ಅದು ‘ಆಮೆನ್, ಆಮೆನ್’. ಮತ್ತಾಯ, ಮಾರ್ಕ, ಲೂಕರಲ್ಲಿ ಒಂದೇ ‘ಆಮೆನ್’ ಇದೆ. ನಾವು ಪ್ರಾರ್ಥನೆಯ ಕೊನೆಗೆ ಹೇಳುವ ಆ ಮಾತನ್ನು ಯೇಸು ತನ್ನ ಮಾತಿನ ಮೊದಲಿಗೆ ಇಡುತ್ತಾನೆ. ಬೇರೊಬ್ಬರು ಒಪ್ಪಿ ದೃಢಪಡಿಸುವ ತನಕ ಆತನ ಮಾತು ಕಾಯುವುದಿಲ್ಲ. ಯೋಹಾನನಲ್ಲಿ ಈ ಜೋಡಿ ಬಂದ ಕಡೆಯೆಲ್ಲ ಹಿಂದಿನ ಎರಡು ಮೂರು ವಚನ ಓದಿ. ಬಹಳ ಕಡೆ ಕೇಳಿದವನು ತಪ್ಪು ತಿಳಿದುಕೊಂಡಿರುತ್ತಾನೆ, ಅಥವಾ ಎದುರಾಡಿರುತ್ತಾನೆ. 3ನೇ ಅಧ್ಯಾಯದ ನಿಕೊದೇಮ ಇದಕ್ಕೆ ಒಳ್ಳೆಯ ಉದಾಹರಣೆ, ಅಲ್ಲಿ 3, 5, 11ನೇ ವಚನಗಳಲ್ಲಿ ಮೂರು ಸಲ ಇದೆ.

ಹೆಸರನ್ನು ಎರಡು ಸಲ ಕರೆಯುವ ಕಡೆಗಳನ್ನು ಒಂದು ಸಂಜೆಗೆ ಇಟ್ಟುಕೊಳ್ಳಬಹುದು: ಅಬ್ರಹಾಮ (ಆದಿಕಾಂಡ 22:11), ಯಾಕೋಬ (46:2), ಮೋಶೆ (ವಿಮೋಚನಕಾಂಡ 3:4), ಸಮುವೇಲ (1 ಸಮುವೇಲ 3:10), ಮಾರ್ಥ (ಲೂಕ 10:41), ಸೀಮೋನ (ಲೂಕ 22:31), ಸೌಲ (ಅಪೊಸ್ತಲರ ಕೃತ್ಯಗಳು 9:4). ‘ಜೋಡಿ ಹೆಸರು ಎಂದರೆ ದೇವರ ಪ್ರೀತಿ’ ಎಂದು ಬಹಳ ಸಲ ಪ್ರಸಂಗದಲ್ಲಿ ಕೇಳುತ್ತೇವೆ. ಪ್ರೀತಿ ಇದೆ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಪ್ರತಿಯೊಂದರ ಸಂದರ್ಭ ಕಳೆದುಹೋಗುತ್ತದೆ. ಅಬ್ರಹಾಮನನ್ನು 22:1ರಲ್ಲಿ ದೇವರು ಒಂದೇ ಸಲ ಕರೆದನು. 11ರಲ್ಲಿ ದೂತನು ಎರಡು ಸಲ ಕರೆದದ್ದು ಅವನು ಕತ್ತಿ ಎತ್ತಿದ್ದಾಗ, ಅಂದರೆ ಅದು ಕೈ ತಡೆಯುವ ಕೂಗು. ಮಾರ್ಥಳಿಗೆ ಅದು ಕನಿಕರ ಬೆರೆತ ತಿದ್ದುಪಡಿ. ಸೀಮೋನನಿಗೆ ಬರಲಿರುವ ಅಪಾಯದ ಎಚ್ಚರಿಕೆ; ಪೇತ್ರ ಎಂದು ತಾನೇ ಹೆಸರಿಟ್ಟವನನ್ನು ಯೇಸು ಆ ಹೊತ್ತಿನಲ್ಲಿ ಹಳೆಯ ಹೆಸರಿನಿಂದ ಕರೆದದ್ದನ್ನೂ ಗಮನಿಸಬೇಕು. ಸೌಲನಿಗೆ ಅದು ಹಿಂಸಕನನ್ನು ದಾರಿಯಲ್ಲಿ ನಿಲ್ಲಿಸುವ ಪ್ರಶ್ನೆ. ಮತ್ತಾಯ 7:21ರಲ್ಲಿ ‘ಕರ್ತನೇ, ಕರ್ತನೇ’ ಎನ್ನುವುದು ಮನುಷ್ಯರು, ಅಲ್ಲಿ ಯೇಸು ಆ ಜೋಡಿಯನ್ನು ಒಪ್ಪುವುದೇ ಇಲ್ಲ.

2 ಸಮುವೇಲ 18:33 ಬೇರೆಯೇ. ಅಬ್ಷಾಲೋಮ ಸತ್ತ ಸುದ್ದಿ ಕೇಳಿದ ದಾವೀದನ ಒಂದು ವಚನದಲ್ಲಿ ‘ನನ್ನ ಮಗನೇ’ ಐದು ಸಲ, ಹೆಸರು ಮೂರು ಸಲ. ಇಲ್ಲಿ ಲೆಕ್ಕ, ರಚನೆ ಎಂದು ಪಾಠ ಮಾಡಬೇಡಿ. ಮಗನನ್ನು ಕಳಕೊಂಡವರು ಕೂಟದಲ್ಲಿದ್ದರೆ ಓದಿ ಸುಮ್ಮನಿರುವುದೇ ಸರಿ.

ಮೂರು ಸಲ ಬಂದದ್ದು

ಯೆಶಾಯ 6:3ರಲ್ಲಿ ದೇವರ ಸಿಂಹಾಸನದ ಬಳಿಯ ಸೆರಾಫಿಯರು ‘ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು’ ಎಂದು ಕೂಗುತ್ತಾರೆ. ಪ್ರಕಟನೆ 4:8ರಲ್ಲಿ ಅದು ಮತ್ತೆ ಕೇಳುತ್ತದೆ. ದೇವರ ಬೇರೆ ಯಾವ ಗುಣವನ್ನೂ ಸತ್ಯವೇದ ಹೀಗೆ ಮೂರು ಸಲ ಎತ್ತಿ ಹೇಳಿಲ್ಲ. ‘ಹೆಚ್ಚು’, ‘ಎಲ್ಲಕ್ಕಿಂತ ಹೆಚ್ಚು’ ಎನ್ನಲು ಇಬ್ರಿಯ ಭಾಷೆ ಮಾತನ್ನೇ ಮರಳಿಸುತ್ತದೆ. ಇದು ಅದರ ತುದಿ. ಸಭೆಯ ಆರಾಧನೆಯಲ್ಲಿ ಇದನ್ನು ತಂದೆ, ಮಗ, ಪವಿತ್ರಾತ್ಮನ ಸ್ತುತಿಯಾಗಿ ಹಾಡುತ್ತಾ ಬಂದಿದ್ದೇವೆ, ಹಾಡೋಣ. ಆದರೆ ಮೂರು ಎಂಬ ಎಣಿಕೆಯೊಂದನ್ನೇ ತ್ರಯೇಕತ್ವಕ್ಕೆ ಆಧಾರವಾಗಿ ಹಿಡಿದರೆ, ಯೆರೆಮೀಯ 7:4ರ ‘ಯೆಹೋವನ ಆಲಯ’ವೂ ಮೂರು ಸಲ ಇದೆಯಲ್ಲ ಎಂದು ಕೇಳಿದವರಿಗೆ ಉತ್ತರವಿರುವುದಿಲ್ಲ. ತ್ರಯೇಕತ್ವಕ್ಕೆ ಬೇರೆ ಗಟ್ಟಿಯಾದ ವಚನಗಳಿವೆ, ಮತ್ತಾಯ 28:19 ಇದೆ.

ಪ್ರಕಟನೆ 8:13ರ ಮೂರು ‘ಅಯ್ಯೋ’ಗಳು ಬರೀ ಎಣಿಕೆ. ಊದಬೇಕಾದ ತುತೂರಿ ಇನ್ನೂ ಮೂರು ಉಳಿದಿವೆ. 9:12ರಲ್ಲಿ ಒಂದು ಕಳೆಯಿತು ಎಂದು ಯೋಹಾನನೇ ಲೆಕ್ಕ ಕೊಡುತ್ತಾನೆ.

ಒಂದೇ ಜೋಡಿ ಎದುರುಬದುರಾದ ಅರ್ಥ ಕೊಡುವುದನ್ನು ನೋಡಬೇಕಾದರೆ ಎರಡು ವಚನ ಪಕ್ಕಪಕ್ಕ ಇಡಿ. ಯೆಶಾಯ 26:3ರಲ್ಲಿ ದೇವರಲ್ಲಿ ಮನಸ್ಸು ನೆಟ್ಟವನಿಗೆ ಸಿಗುವ ಪೂರ್ಣ ಸಮಾಧಾನಕ್ಕೆ ಮೂಲದಲ್ಲಿ ‘ಶಾಲೋಮ್ ಶಾಲೋಮ್’ ಎಂದಿದೆ. ಯೆರೆಮೀಯ 6:14ರಲ್ಲೂ ಅದೇ ‘ಶಾಲೋಮ್ ಶಾಲೋಮ್’. ಅಲ್ಲಿ ಸುಳ್ಳು ಪ್ರವಾದಿಗಳು ಸಮಾಧಾನವಿಲ್ಲದ ಕಡೆ ಸಮಾಧಾನ ಸಮಾಧಾನ ಎಂದು ಜನರ ಗಾಯವನ್ನು ಮೇಲುಮೇಲೆ ವಾಸಿಮಾಡುತ್ತಿದ್ದಾರೆ.

ಪಲ್ಲವಿಯಂತೆ ಬರುವ ಸಾಲು

ಕೀರ್ತನೆ 136ರ 26 ವಚನಗಳೂ ಒಂದೇ ಮಾತಿನಿಂದ ಮುಗಿಯುತ್ತವೆ, ಆತನ ಕೃಪೆ ಶಾಶ್ವತ ಎಂದು. ಮಾನ್ವಿ ಸೀಮೆಯ ದಾಸರ ಪದಗಳನ್ನು ಭಜನೆಯಲ್ಲಿ ಕೇಳಿದವರಿಗೆ ಇದು ತಿಳಿಸಿ ಹೇಳಬೇಕಾದ ಸಂಗತಿಯಲ್ಲ. ನುಡಿಯನ್ನು ಒಬ್ಬರು ಹಾಡುತ್ತಾರೆ, ಪಲ್ಲವಿಯನ್ನು ಎಲ್ಲರೂ ಎತ್ತುತ್ತಾರೆ. ಯೆರೂಸಲೇಮಿನಲ್ಲೂ ಈ ಸಾಲನ್ನು ಜನ ಕೂಡಿ ಹಾಡಿದರು. 2 ಪೂರ್ವಕಾಲವೃತ್ತಾಂತ 7:3 ಮತ್ತು ಎಜ್ರ 3:11 ಅದನ್ನು ಹೇಳುತ್ತವೆ. ಆದ್ದರಿಂದ ಇದನ್ನು ಹಾಗೆಯೇ ಓದಿಸಿ. ಮೊದಲರ್ಧ ಒಬ್ಬರು, ಎರಡನೇ ಅರ್ಧ ಎಲ್ಲರೂ. ಶೇಂಗಾ ಬೀಜದ ತಟ್ಟೆಯನ್ನು ಮೊದಲ ಸಲ ಇಲ್ಲಿ ಬಳಸಬಹುದು, ಎಣಿಕೆ 26ಕ್ಕೆ ಸರಿಯಾಗಿ ಬರಬೇಕು.

ಆಮೇಲೆ ಒಂದು ಪ್ರಯೋಗ. ಕೀರ್ತನೆ 135:10ರಿಂದ 12ರವರೆಗೆ ಓದಿ, ಕೂಡಲೇ 136:17ರಿಂದ 22ರವರೆಗೆ ಓದಿ. ಎರಡೂ ಕಡೆ ಅರಸರನ್ನು ಹೊಡೆದದ್ದು, ಅಮೋರಿಯರ ಸೀಹೋನ, ಬಾಷಾನಿನ ಓಗ, ದೇಶವನ್ನು ಇಸ್ರಾಯೇಲಿಗೆ ಸ್ವಾಸ್ತ್ಯವಾಗಿ ಕೊಟ್ಟದ್ದು. ಸಾಲುಗಳೂ ಹತ್ತಿರ ಹತ್ತಿರ ಒಂದೇ. 135ರಲ್ಲಿ ಅದು ಗೆಲುವಿನ ವರದಿಯಂತೆ ಓಡುತ್ತದೆ. 136ರಲ್ಲಿ ವಾಕ್ಯ ಮುಗಿಯುವ ಮುಂಚೆಯೇ, ಸೀಹೋನನ ಹೆಸರಿಗೂ ಓಗನ ಹೆಸರಿಗೂ ನಡುವೆ, ‘ಕೃಪೆ ಶಾಶ್ವತ’ ಎಂಬುದು ಅಡ್ಡ ಬರುತ್ತದೆ. ಕೇಳುವವನು ಪ್ರತಿಯೊಂದು ಘಟನೆಯಲ್ಲೂ ನಿಂತು, ಇದು ಯಾರ ಬಲದಿಂದ ಆಯಿತು ಎಂದು ನೆನಸಲೇಬೇಕು.

ಪಲ್ಲವಿ ಸ್ವಲ್ಪ ಸ್ವಲ್ಪವೇ ಬೆಳೆಯುವುದು ಕೀರ್ತನೆ 80ರಲ್ಲಿ. ‘ನಮ್ಮನ್ನು ತಿರುಗಿ ಸ್ಥಾಪಿಸು’ ಎಂಬ ಮೊರೆ 3, 7, 19ನೇ ವಚನಗಳಲ್ಲಿದೆ. 3ರಲ್ಲಿ ಕರೆಯುವುದು ‘ದೇವರೇ’ ಎಂದು. 7ರಲ್ಲಿ ‘ಸೇನಾಧೀಶ್ವರನಾದ ದೇವರೇ’. 19ರಲ್ಲಿ ಅದಕ್ಕೆ ‘ಯೆಹೋವ’ ಎಂಬ ಹೆಸರೂ ಸೇರಿದೆ. ಕಷ್ಟ ತೀರಿಲ್ಲ, ಬೇಲಿ ಮುರಿದ ದ್ರಾಕ್ಷಿಬಳ್ಳಿ ಹಾಗೇ ಇದೆ, ಆದರೆ ಕರೆಯುವ ಬಾಯಿ ಗಟ್ಟಿಯಾಗುತ್ತಿದೆ. ನಮ್ಮ ಅಭಿಪ್ರಾಯದಲ್ಲಿ ಉಪವಾಸ ಪ್ರಾರ್ಥನೆಯ ದಿನಕ್ಕೆ ಇದಕ್ಕಿಂತ ತಕ್ಕ ಕೀರ್ತನೆ ಅಪರೂಪ.

ಕೀರ್ತನೆ 42ರ 5 ಮತ್ತು 11, ಹಾಗೂ 43ರ 5ನೇ ವಚನ ಒಂದೇ ಪಲ್ಲವಿ, 43ಕ್ಕೆ ತಲೆಬರಹವಿಲ್ಲ. ಎರಡನ್ನೂ ಒಂದೇ ಹಾಡೆಂದು ಒಟ್ಟಿಗೇ ಓದಿ. ಕೀರ್ತನೆ 8, 103, 118 ಮೊದಲಾದ ಮಾತಿನಿಂದಲೇ ಮುಗಿಯುತ್ತವೆ. ನಡುವೆ ಇರುವುದನ್ನೆಲ್ಲ ಓದಿದ ಮೇಲೆ ಆ ಮಾತು ಮೊದಲಿನಷ್ಟೇ ತೂಕದ್ದೋ ಎಂದು ಕೇಳಿದರೆ ಸಾಕು.

ಅನುವಾದದಲ್ಲಿ ಮರೆಯಾಗುವುದು

ಬಳ್ಳಾರಿಗೂ ಕನ್ನಡ ಸತ್ಯವೇದಕ್ಕೂ ಹಳೆಯ ನಂಟು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಇಲ್ಲಿಯೇ ಅನುವಾದದ ಕೆಲಸ ಹಿಡಿದರು. ವಿಲಿಯಂ ರೀವ್ ಜೊತೆಗೂಡಿದರು. 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿತ್ತು. ಅನುವಾದಕರು ಯಾರೇ ಆಗಲಿ, ಒಂದು ಇಕ್ಕಟ್ಟು ತಪ್ಪಿದ್ದಲ್ಲ. ಮೂಲದ ಒಂದೇ ಪದಕ್ಕೆ ಎಲ್ಲ ಕಡೆ ಒಂದೇ ಪದ ಹಾಕಿದರೆ ಕನ್ನಡ ತೊಡರುತ್ತದೆ, ಬೇರೆ ಬೇರೆ ಹಾಕಿದರೆ ಮರುಮಾತು ಮುಚ್ಚಿಹೋಗುತ್ತದೆ. ಯೋನನ ಪುಸ್ತಕದ 48 ವಚನಗಳಲ್ಲಿ ‘ದೊಡ್ಡ’ ಎಂಬ ಇಬ್ರಿಯ ಪದ 14 ಸಲ ಇದೆ. ಪಟ್ಟಣ, ಗಾಳಿ, ಮೀನು, ಭಯ, ಸಂತೋಷ ಎಲ್ಲವೂ ದೊಡ್ಡವು. ಕನ್ನಡದಲ್ಲಿ ಅದು ದೊಡ್ಡ, ಮಹಾ, ಬಹಳ ಎಂದು ಹಂಚಿಹೋಗುತ್ತದೆ. ‘ಮಹಾಪವಿತ್ರಸ್ಥಾನ’ದ ಹಿಂದೆ ‘ಪವಿತ್ರಗಳ ಪವಿತ್ರ’ ಎಂಬ ಜೋಡಿ ಇದೆ, ‘ಪರಮಗೀತೆ’ಯ ಹಿಂದೆ ‘ಗೀತೆಗಳ ಗೀತೆ’. ‘ನಿಜನಿಜವಾಗಿ’ ಎಂಬುದು ಕೆಲವು ಸರಳ ಅನುವಾದಗಳಲ್ಲಿ ಒಂದೇ ‘ಸತ್ಯ’ವಾಗಿದೆ.

ಆದ್ದರಿಂದ ಕೂಟಕ್ಕೆ ಎರಡು ಕನ್ನಡ ಅನುವಾದ ತನ್ನಿ, ಹಳೆಯ ಸತ್ಯವೇದ ಒಂದು, ಈಚಿನ ಸರಳ ಭಾಷೆಯದು ಒಂದು. ಬಳ್ಳಾರಿ, ರಾಯಚೂರಿನಲ್ಲಿ ತೆಲುಗು ಓದುವವರು ಇದ್ದೇ ಇರುತ್ತಾರೆ, ಅವರು ತಮ್ಮ ಪುಸ್ತಕ ಬಿಚ್ಚಿ ಅದೇ ವಚನ ಓದಲಿ. ಮೂರರಲ್ಲೂ ಮಾತು ಮರಳಿದ್ದರೆ ಅದು ಮೂಲದ್ದೇ ಎಂದು ಬಹುಮಟ್ಟಿಗೆ ನಂಬಬಹುದು. ಒಂದರಲ್ಲಿ ಮಾತ್ರ ಇದ್ದರೆ ಅದರ ಮೇಲೆ ಬೋಧನೆ ಕಟ್ಟಬೇಡಿ.

ಮೊಬೈಲ್ ಆ್ಯಪಿನಲ್ಲಿ ಹುಡುಕುವವರು ಪದದ ಕೊನೆಯ ವಿಭಕ್ತಿ ಬಿಟ್ಟು ಟೈಪ್ ಮಾಡಬೇಕು. ‘ಕೃಪೆಯು’ ಎಂದು ಹಾಕಿದರೆ ‘ಕೃಪೆಯನ್ನು’, ‘ಕೃಪೆಗೆ’ ಸಿಗುವುದಿಲ್ಲ. ‘ಕೃಪೆ’ ಎಂದರೆ ಅವೆಲ್ಲ ಸಿಗುತ್ತವೆ. ‘ಕೈ’ ಎಂದು ಹಾಕಿದರೆ ‘ಕೈಕೊಂಡು’, ‘ಕೈಬಿಟ್ಟು’ ಎಲ್ಲ ಬಂದು ಎಣಿಕೆ ಉಬ್ಬುತ್ತದೆ. ಆ್ಯಪ್ ಕೊಡುವ ಸಂಖ್ಯೆ ಅನುವಾದದ ಸಂಖ್ಯೆ, ಮೂಲದ್ದಲ್ಲ. ಅದನ್ನು ಪ್ರಸಂಗದಲ್ಲಿ ಹೇಳುವ ಮುಂಚೆ ವಚನಗಳನ್ನು ತೆರೆದು ನೋಡಿ.

ಎಲ್ಲಿ ಎಡವುತ್ತಾರೆ

ಒಂದೇ ಅರ್ಥದ ಎರಡು ಸಾಲಿನಲ್ಲಿ ಎರಡು ಗುಟ್ಟು ಹುಡುಕುವುದು ಬಹಳ ಸಾಮಾನ್ಯ. ‘ನಿನ್ನ ವಾಕ್ಯವು ನನ್ನ ಕಾಲಿಗೆ ದೀಪವೂ ನನ್ನ ದಾರಿಗೆ ಬೆಳಕೂ ಆಗಿದೆ’ (ಕೀರ್ತನೆ 119:105) ಎಂಬಲ್ಲಿ ದೀಪ ಹಳೆಯ ಒಡಂಬಡಿಕೆ, ಬೆಳಕು ಹೊಸ ಒಡಂಬಡಿಕೆ ಎಂದು ಬಿಡಿಸುವವರಿದ್ದಾರೆ. ಇಬ್ರಿಯ ಕಾವ್ಯ ಒಂದು ಮಾತನ್ನು ಹೇಳಿ ಅದನ್ನೇ ಇನ್ನೊಂದು ಮಾತಿನಲ್ಲಿ ಮುಂದಕ್ಕೆ ಒಯ್ಯುತ್ತದೆ, ಅಲ್ಲಿ ಇರುವುದು ಅಷ್ಟೇ.

ಇನ್ನೊಂದು, ಯೋಹಾನ 21. ಯೇಸು ಪೇತ್ರನನ್ನು ಮೂರು ಸಲ ಪ್ರೀತಿಸುತ್ತೀಯಾ ಎಂದು ಕೇಳುವಾಗ ಗ್ರೀಕಿನಲ್ಲಿ ಎರಡು ಕ್ರಿಯಾಪದಗಳು ಬಂದಿವೆ, ಅವುಗಳ ಮೇಲೆ ದೊಡ್ಡ ದೊಡ್ಡ ಪ್ರಸಂಗಗಳಾಗಿವೆ. ಆದರೆ ಯೋಹಾನನು ಆ ಎರಡನ್ನೂ ಬೇರೆ ಕಡೆ ಒಂದರ ಬದಲು ಇನ್ನೊಂದನ್ನು ಬಳಸುತ್ತಾನೆ. ಇಲ್ಲಿ ಕುರಿಮರಿ, ಕುರಿ, ಮೇಯಿಸು, ಪಾಲಿಸು ಎಂಬವೂ ಬದಲಾಗುತ್ತಾ ಹೋಗುತ್ತವೆ. ಭಾರ ಇರುವುದು ‘ಮೂರನೇ ಸಲ’ ಎಂಬುದರ ಮೇಲೆ. 17ನೇ ವಚನ ಅದನ್ನೇ ಎತ್ತಿ ಹೇಳಿ, ಪೇತ್ರ ದುಃಖಪಟ್ಟನು ಎನ್ನುತ್ತದೆ. 18:17, 25, 27ರಲ್ಲಿ ಅವನು ತಾನು ಯೇಸುವಿನ ಶಿಷ್ಯನಲ್ಲವೆಂದು ಮೂರು ಸಲ ಅಲ್ಲಗಳೆದ ಅಂಗಳದಲ್ಲಿ ಇದ್ದಲ ಬೆಂಕಿ ಇತ್ತು (18:18). 21:9ರಲ್ಲಿ ದಡದ ಮೇಲೂ ಇದ್ದಲ ಬೆಂಕಿ. ಹೊಸ ಒಡಂಬಡಿಕೆಯಲ್ಲಿ ಆ ಗ್ರೀಕ್ ಪದ ಇರುವುದು ಈ ಎರಡೇ ಕಡೆ. ಕ್ರಿಯಾಪದಕ್ಕಿಂತ ಬೆಂಕಿಯನ್ನು ಹಿಡಿದು ಓದಿದರೆ ಪೇತ್ರನ ಮನಸ್ಸಿಗೆ ಹತ್ತಿರವಾಗುತ್ತೇವೆ.

ಮೂರನೆಯದು ಪ್ರಾರ್ಥನೆಯ ವಿಷಯ, ನಮ್ಮ ಊರುಗಳಲ್ಲಿ ಇದು ಮನಸ್ತಾಪಕ್ಕೂ ಕಾರಣವಾಗುತ್ತದೆ. ಮತ್ತಾಯ 6:7ನ್ನು ತೋರಿಸಿ, ಹೇಳಿದ್ದನ್ನೇ ಹೇಳುವ ಪ್ರಾರ್ಥನೆಯೆಲ್ಲ ತಪ್ಪು ಎಂದು ಜಪಮಾಲೆ ಹಿಡಿದ ನೆರೆಯವರನ್ನು ಚುಚ್ಚುತ್ತಾರೆ. ಆ ವಚನ ತಡೆಯುವುದು, ಮಾತು ಹೆಚ್ಚಾದರೆ ದೇವರು ಕೇಳುತ್ತಾನೆ ಎಂಬ ಎಣಿಕೆಯನ್ನು. ಬೆಳಗಿನಿಂದ ಮಧ್ಯಾಹ್ನದ ತನಕ ಬಾಳನೆಂಬ ದೇವತೆಯನ್ನು ಕೂಗಿದವರು (1 ಅರಸುಗಳು 18:26), ಎರಡು ತಾಸು ಒಂದೇ ಘೋಷಣೆ ಕೂಗಿದ ಎಫೆಸದ ಗುಂಪು (ಅಪೊಸ್ತಲರ ಕೃತ್ಯಗಳು 19:34) ಅದಕ್ಕೆ ಉದಾಹರಣೆ. ಆದರೆ ಗೆತ್ಸೆಮನೆಯಲ್ಲಿ ಯೇಸುವೇ ಮೂರನೇ ಸಲ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದನು ಎಂದು ಮತ್ತಾಯ 26:44ರಲ್ಲಿದೆ. ಆ ಎರಡು ವಚನಗಳನ್ನು ಒಟ್ಟಿಗೆ ಓದಿದ ಮೇಲೆ ಯಾರ ಪ್ರಾರ್ಥನೆ ಬರೀ ಮಾತು ಎಂದು ನಾವು ತೀರ್ಪು ಕೊಡುವುದು ಕಷ್ಟವಾಗುತ್ತದೆ, ಕಷ್ಟವಾಗಲೇಬೇಕು.

ಮುಂದಿನ ವಾರಗಳಿಗೆ

ಆದಿಕಾಂಡ 39 ಆದ ಮೇಲೆ ಕೀರ್ತನೆ 136, ಆಮೇಲೆ ಆದಿಕಾಂಡ 1. ಅಲ್ಲಿ ‘ಒಳ್ಳೆಯದು’ ಎಂಬುದು ಆರು ಸಲ, ಏಳನೆಯದಾಗಿ 31ನೇ ವಚನದಲ್ಲಿ ‘ಬಹು ಒಳ್ಳೆಯದು’. ಎರಡನೇ ದಿನಕ್ಕೆ ಆ ಮಾತಿಲ್ಲ, ಮೂರನೇ ದಿನಕ್ಕೆ ಎರಡು ಸಲ ಇದೆ. ಸಾಯಂಕಾಲ, ಪ್ರಾತಃಕಾಲ ಎಂಬ ಸಾಲು ಆರು ದಿನಕ್ಕೂ ಇದೆ, ಏಳನೇ ದಿನಕ್ಕೆ ಇಲ್ಲ. ಹಸಿರು ಪೆನ್ಸಿಲಿಗೆ ಬೇಕಾದಷ್ಟು ಕೆಲಸ. ನಾಲ್ಕನೇ ವಾರಕ್ಕೆ ಯೆಶಾಯ 51:9, 51:17, 52:1. ‘ಎಚ್ಚರಗೊಳ್ಳು, ಎಚ್ಚರಗೊಳ್ಳು’ ಎಂದು ಮೊದಲು ಜನ ದೇವರ ಬಾಹುವನ್ನು ಎಬ್ಬಿಸಲು ನೋಡುತ್ತಾರೆ, ಆಮೇಲೆ ಅದೇ ಕೂಗು ಮಲಗಿದ್ದ ಯೆರೂಸಲೇಮಿಗೇ ತಿರುಗುತ್ತದೆ.

ಕೈ ಪಳಗಿದ ಮೇಲೆ ವಿಮೋಚನಕಾಂಡ 39 ಮತ್ತು 40 ಹಿಡಿಯಿರಿ. ‘ಯೆಹೋವನು ಮೋಶೆಗೆ ಆಜ್ಞಾಪಿಸಿದಂತೆಯೇ’ ಎಂಬುದು 39ರಲ್ಲಿ ವಸ್ತ್ರಗಳ ವಿವರದೊಳಗೆ ಏಳು ಸಲ, 40ರಲ್ಲಿ ಗುಡಾರ ನಿಲ್ಲಿಸುವಾಗ ಏಳು ಸಲ ಇದೆ. 25ರಿಂದ 31ರವರೆಗೆ ಅಪ್ಪಣೆಯಾಗಿ ಬಂದ ಅದೇ ಅಳತೆ, ಅದೇ ಬಟ್ಟೆ, ಅದೇ ಕೊಂಡಿ 35ರಿಂದ ಮತ್ತೆ ಬರುತ್ತವೆ ಎಂದು ಬೇಸರಪಡುವವರಿಗೆ, ಎರಡರ ನಡುವೆ 32ನೇ ಅಧ್ಯಾಯದ ಬಂಗಾರದ ಬಸವ ಇದೆ ಎಂದು ತೋರಿಸಿ. ಅಷ್ಟು ದೊಡ್ಡ ದ್ರೋಹದ ಮೇಲೂ ಅಪ್ಪಣೆಯ ಒಂದು ಮೊಳವೂ ಕಡಿಮೆಯಾಗಿಲ್ಲ.

ಅರಣ್ಯಕಾಂಡ 7 ಕೊನೆಗಿರಲಿ, ಅದು 89 ವಚನ, 30ರ ಮಿತಿಯನ್ನು ಬಹಳ ಮೀರುತ್ತದೆ. ಹನ್ನೆರಡು ಕುಲಾಧಿಪತಿಗಳು ಹನ್ನೆರಡು ದಿನ ತಂದ ಕಾಣಿಕೆ ಒಂದೇ: 130 ಶೆಕೆಲ್ ತೂಕದ ಬೆಳ್ಳಿಯ ತಟ್ಟೆ, 70 ಶೆಕೆಲಿನ ಬೆಳ್ಳಿಯ ಬೋಗುಣಿ, ಧೂಪ ತುಂಬಿದ 10 ಶೆಕೆಲಿನ ಬಂಗಾರದ ಧೂಪಾರತಿ, ಅವೇ ಪಶುಗಳು. ‘ಉಳಿದವರೂ ಹಾಗೆಯೇ ತಂದರು’ ಎಂದು ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಬರೆದವನು ಪ್ರತಿಯೊಬ್ಬನಿಗೂ ಅವನ ಹೆಸರು, ತಂದೆಯ ಹೆಸರು, ಅವನ ದಿನ, ಅವನ ತಟ್ಟೆಯ ತೂಕ ಪೂರ್ತಿ ಕೊಟ್ಟಿದ್ದಾನೆ. ಹನ್ನೆರಡು ಜನರಿಗೆ ಒಂದೊಂದು ಕುಲ ಹಂಚಿ, ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಪಾಲು ಓದಲಿ, 84ರಿಂದ 88ರವರೆಗಿನ ಒಟ್ಟು ಲೆಕ್ಕವನ್ನು ಎಲ್ಲರೂ ಸೇರಿ ಓದಲಿ. ಆರೇ ಜನ ಬಂದಿದ್ದರೆ ಒಬ್ಬೊಬ್ಬರಿಗೆ ಎರಡೆರಡು ಕುಲ ಕೊಡಿ, ಆದರೆ ಕೊನೆಯ ನಫ್ತಾಲಿಯ ಪಾಲನ್ನೂ ಮೊದಲ ಯೆಹೂದದ ಪಾಲಿನಷ್ಟೇ ನಿಧಾನವಾಗಿ ಓದಿಸಿ.